ನಡ್ಕೊಂಡು ಆಸ್ಪತ್ರೆಗೆ ಬಂದೋರು ವಾಪಸ್ ಹೋಗುವಾಗ ಯಾಕೆ ನಡೆಯೋಕಾಗಲ್ಲ? ಸಿಸ್ಟರ್‌ಗಳು, ಮನೇಲಿ ನೋಡ್ಕೊಂಡೋರು ಬರೀರಿ

ಮಂಜಿನೂರ_ಸಿಸ್ಟರ್

ಎಲ್ರಿಗೂ ನಮಸ್ಕಾರ. ನಾನು ಕೊಡಗಲ್ಲೇ ಒಂದು ಆಸ್ಪತ್ರೆ ಮೆಡಿಕಲ್ ವಾರ್ಡಲ್ಲಿ ನರ್ಸ್, ಹದಿನಾರು ವರ್ಷ ಆಯ್ತು. ಈ ವಿಷಯ ತುಂಬಾ ದಿನದಿಂದ ಮನಸ್ಸಲ್ಲಿ ಕೊರೀತಿದೆ, ಬರೆದು ಬಿಡ್ತೀನಿ.

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೇಲಿ ಒಬ್ರು ಅಜ್ಜ ಅಡ್ಮಿಟ್ ಆದ್ರು, 78 ವರ್ಷ, ನ್ಯುಮೋನಿಯಾ. ಬರುವಾಗ ಆಟೋ ಇಳಿದು ಕೊಡೆ ಊರ್ಕೊಂಡು ತಾವೇ ನಡ್ಕೊಂಡು ಬಂದ್ರು, ಹಿಂದಿನ ವಾರದವರೆಗೂ ತೋಟಕ್ಕೆ ಒಂದು ಸುತ್ತು ಹೋಗಿ ಬರ್ತಿದ್ದೋರಂತೆ. ಒಂಬತ್ತು ದಿನ ಇದ್ರು. ನಾಲ್ಕನೇ ದಿನಕ್ಕೆ ಜ್ವರ ಬಿಡ್ತು, ಉಸಿರಾಟ ಸುಧಾರಿಸ್ತು, ಎಕ್ಸ್‌ರೇ ಚೆನ್ನಾಗಾಯ್ತು, ಆದ್ರೆ ಡಿಸ್ಚಾರ್ಜ್ ದಿನ ಇಬ್ರು ಹಿಡ್ಕೊಂಡ್ರೂ ಎದ್ದು ನಿಲ್ಲೋಕೆ ಆಗ್ಲಿಲ್ಲ, ಮೊಣಕಾಲು ನಡುಗ್ತಿತ್ತು. ಅವರ ಹೆಂಡ್ತಿ ನನ್ನ ಕೈ ಹಿಡ್ಕೊಂಡು "ಸಿಸ್ಟರ್, ಇವ್ರಿಗೆ ಎದೇಲಿ ತಾನೇ ಕಾಯಿಲೆ ಇದ್ದಿದ್ದು, ಕಾಲಿಗೇನಾಯ್ತು?" ಅಂತ ಕೇಳಿದ್ರು. ನನ್ನ ಬಾಯಲ್ಲಿ ಮಾತೇ ಬರ್ಲಿಲ್ಲ.

ಕಾಲಿಗೆ ಏನೂ ಆಗಿರ್ಲಿಲ್ಲ. ನಾವೇ ಮಲಗಿಸಿದ್ವಿ. ಕೈಗೆ ಡ್ರಿಪ್ ಹಾಕಿದ್ವಿ, ರಾತ್ರಿ ಬಾತ್‌ರೂಮಿಗೆ ಹೋಗಿ ಬೀಳ್ತಾರೆ ಅಂತ ಯೂರಿನ್ ಟ್ಯೂಬ್ ಹಾಕಿದ್ವಿ, ಮಂಚದ ಎರಡೂ ಕಡೆ ಕಂಬಿ ಎತ್ತಿ ಇಟ್ವಿ, ಅನ್ನ ಗಂಜಿ ಎಲ್ಲಾ ಮಲಗಿದ್ದಲ್ಲೇ. ಒಂದೊಂದೂ ಅವ್ರ ಒಳ್ಳೇದಕ್ಕೇ ಅಂತ ಮಾಡಿದ್ದು, ಎಲ್ಲಾ ಸೇರಿ ಅವ್ರನ್ನ ಮಂಚಕ್ಕೆ ಕಟ್ಟಿ ಹಾಕಿದ ಹಾಗೆ ಆಯ್ತು.

ಆಮೇಲೆ ನಾನು ಓದೋಕೆ ಶುರು ಮಾಡಿದೆ. 2007ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ಆಗಿದೆ, ಯಾವ ಕಾಯಿಲೆಯೂ ಇಲ್ಲದ ಹನ್ನೆರಡು ವಯಸ್ಸಾದೋರನ್ನ 10 ದಿನ ಬರೀ ಮಂಚದ ಮೇಲೆ ಇಟ್ಟು ನೋಡಿದ್ರು, ಕಾಲಿಂದ ಮಾತ್ರ ಹತ್ತಿರ ಹತ್ತಿರ 1 ಕೆಜಿ ಮಾಂಸಖಂಡ ಕರಗಿತ್ತು. ಆರೋಗ್ಯವಾಗಿರೋರಿಗೇ ಹಾಗಾದ್ರೆ ಜ್ವರ ಬಂದು ಊಟ ಸೇರದೆ ಇರೋ ನಮ್ಮ ಅಜ್ಜನ ಗತಿ ಏನು. ಕಾಲೊಂದೇ ಅಲ್ಲ, ಮಲಗೇ ಇದ್ರೆ ಶ್ವಾಸಕೋಶದ ಕೆಳಗಿನ ಭಾಗ ಸರಿಯಾಗಿ ಅರಳಲ್ಲ, ಕಫ ಅಲ್ಲೇ ನಿಲ್ಲುತ್ತೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಮಲಬದ್ಧತೆ ಆಗುತ್ತೆ, ಬೆನ್ನು ಸೊಂಟದಲ್ಲಿ ಬೆಡ್ ಸೋರ್ (ಮಲಗಿ ಮಲಗಿ ಆಗೋ ಹುಣ್ಣು) ಬರುತ್ತೆ, ಎದ್ದ ಕೂಡ್ಲೇ ಬಿಪಿ ಬೀಳುತ್ತೆ, ವಯಸ್ಸಾದೋರು ರಾತ್ರಿ ಗಲಿಬಿಲಿಯಾಗಿ ಏನೇನೋ ಮಾತಾಡೋಕೆ ಶುರು ಮಾಡ್ತಾರೆ.

ಈಗ ನಾವು ಮೂರು ಜನ ಸಿಸ್ಟರ್‌ಗಳು ಸೇರಿ ಒಂದು ಕ್ರಮ ಇಟ್ಕೊಂಡಿದೀವಿ. ಬೆಳಿಗ್ಗೆ ಬಿಪಿ, ಟೆಂಪರೇಚರ್ ನೋಡುವಾಗ್ಲೇ ಪ್ರತಿಯೊಬ್ಬರದ್ದೂ ಇವತ್ತು ಇವ್ರಿಗೆ ಎಲ್ಲಿವರೆಗೆ ಏಳೋಕೆ ನಡೆಯೋಕೆ ಆಗುತ್ತೆ ಅಂತ ಯೋಚನೆ ಮಾಡಿ ಡಾಕ್ಟ್ರನ್ನ ಕೇಳ್ತೀವಿ. ಎದ್ದು ಕೂರೋಕೆ ಆಗೋರಿಗೆ ತಿಂಡಿ ಕುರ್ಚೀಲೇ. ಕಾರಿಡಾರ್ ಕೊನೇಲಿ ಒಂದು ದೊಡ್ಡ ಕಿಟಕಿ ಇದೆ, ಅಲ್ಲಿವರೆಗೆ ನೆಲದ ಮೇಲೆ ಅಲ್ಲಲ್ಲಿ ಟೇಪ್ ಅಂಟಿಸಿದೀವಿ, ನಿನ್ನೆ ಎರಡನೇ ಗುರುತು, ಇವತ್ತು ಮೂರನೇದು, ಹಾಗೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯೋರು ಮಾಡಿರೋ 1ರಿಂದ 8ರವರೆಗಿನ ಅಳತೆ ಇದೆ, ಮಲಗೇ ಇದ್ರೆ 1, ಮಂಚದ ಅಂಚಲ್ಲಿ ಕೂತ್ರೆ 3, ಕುರ್ಚಿಗೆ ಬಂದ್ರೆ 4, ಹತ್ತು ಹೆಜ್ಜೆ ಇಟ್ರೆ 6, 250 ಅಡಿ ನಡೆದ್ರೆ 8. ಅದನ್ನ ಬಿಪಿ ಚಾರ್ಟ್ ಪಕ್ಕದಲ್ಲೇ ಬರೀತೀವಿ. ಬರೆದಾಗ ಮುಂದಿನ ಡ್ಯೂಟಿಯೋರು ನೋಡ್ತಾರೆ, ನಿನ್ನೆ 6 ಇದ್ದೋರು ಇವತ್ತು 3 ಯಾಕಾದ್ರು ಅಂತ ಯಾರಾದ್ರೂ ಕೇಳ್ತಾರೆ. ಮೊದ್ಲು ಕೇಳೋರೇ ಇರ್ಲಿಲ್ಲ.

ನಿಮ್ಮ ಅನುಭವ ಹೇಳಿ. ವಿರೋಧ ಇದ್ರೂ ಹೇಳಿ.

ಅಮ್ಮತ್ತಿ_ಸೊಸೆ

ಅಕ್ಕಾ ಓದಿ ಕಣ್ಣು ತುಂಬಿ ಬಂತು, ನಮ್ಮ ಮಾವಂದು ನೆನಪಾಯ್ತು. ಎರಡು ವರ್ಷದ ಹಿಂದೆ ಕಣದಲ್ಲಿ ಕಾಫಿ ಹರಡ್ತಾ ಇರುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರೀತು, ಮೈಸೂರಿಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡ್ಸಿದ್ವಿ. ಮಾರನೇ ದಿನ ಬೆಳಿಗ್ಗೆಯೇ ಒಬ್ಬ ಚಿಕ್ಕ ಹುಡುಗಿ ಸಿಸ್ಟರ್ ವಾಕರ್ ತಂದು ನಿಲ್ಲಿಸ್ತೀನಿ ಅಂದ್ಲು. ನಾವು ಮನೆಯೋರೆಲ್ಲಾ ಅವಳ ಮೇಲೆ ಬಿದ್ವಿ, ಹೊಲಿಗೆ ಹಾಕಿ ಇಪ್ಪತ್ನಾಲ್ಕು ಗಂಟೆ ಆಗಿಲ್ಲ, ಒಳಗೆ ರಾಡ್ ಹಾಕಿದ್ದು ಕಳಚ್ಕೊಂಡ್ರೆ ಏನ್ ಮಾಡ್ತೀಯ ಅಂತ ನನ್ನ ಭಾವ ಕೂಗಾಡಿದ್ರು. ಅವಳು ಅಳೋ ಹಾಗಾದ್ಲು ಆದ್ರೆ ಬಿಡ್ಲಿಲ್ಲ, ಡಾಕ್ಟ್ರನ್ನ ಕರ್ಕೊಂಡು ಬಂದು ಹೇಳಿಸಿದ್ಲು. ನಾಲ್ಕೇ ಹೆಜ್ಜೆ ಅವತ್ತು. ಮಾವ ನೋವಲ್ಲಿ ಹಲ್ಲು ಕಚ್ಕೊಂಡಿದ್ರು.

ಈಗ ಅವ್ರು ಕೋಲು ಹಿಡ್ಕೊಂಡು ಗೇಟ್‌ವರೆಗೆ ಹೋಗಿ ಪೇಪರ್ ತರ್ತಾರೆ. ಅದೇ ಸಮಯದಲ್ಲಿ ಬಿದ್ದ ನಮ್ಮ ಪಕ್ಕದ ತೋಟದ ಅಜ್ಜಿ ಮೂರು ವಾರ ಮಲಗಿದ್ದೋರು ಎದ್ದೇ ಇಲ್ಲ, ಬೆಡ್ ಸೋರ್ ಆಗಿ ಹುತ್ತರಿ ಹೊತ್ತಿಗೆ ಹೋಗಿ ಬಿಟ್ರು. ಆ ಹುಡುಗಿ ಹೆಸರು ಕೂಡ ಕೇಳ್ಕೊಂಡಿಲ್ಲ ನಾವು. ಎಲ್ಲಾದ್ರೂ ಸಿಕ್ಕಿದ್ರೆ ಕ್ಷಮೆ ಕೇಳ್ಬೇಕು.

ಮಂಜಿನೂರ_ಸಿಸ್ಟರ್

ಆ ಹುಡುಗಿ ಮಾಡಿದ್ದು ನೂರಕ್ಕೆ ನೂರು ಸರಿ. ಬ್ರಿಟನ್ನಿನ ನೈಸ್ (ಚಿಕಿತ್ಸೆ ಹೇಗಿರ್ಬೇಕು ಅಂತ ಹೇಳೋ ಸಂಸ್ಥೆ) ಮಾರ್ಗಸೂಚಿ ಕೂಡ ಸೊಂಟದ ಮೂಳೆ ಆಪರೇಷನ್ ಆದೋರನ್ನ, ಬೇರೆ ತೊಂದ್ರೆ ಏನೂ ಇಲ್ದಿದ್ರೆ, ಮಾರನೇ ದಿನವೇ ಎಬ್ಬಿಸಬೇಕು ಅಂತಲೇ ಹೇಳುತ್ತೆ. ಮೂಳೆಗೆ ರಾಡ್ ಹಾಕೋದೇ ಬೇಗ ಎದ್ದು ನಿಲ್ಲಲಿ ಅಂತ.

ಸೋಮವಾರಪೇಟೆ_ಮಗ

ನಾನು ಒಪ್ಪಲ್ಲ ಮೇಡಂ, ಕ್ಷಮಿಸಿ. ನಮ್ಮ ತಾಯಿ ಎರಡು ತಿಂಗಳ ಹಿಂದೆ ಒಂದು ಆಸ್ಪತ್ರೇಲಿ ಇದ್ರು, ಶುಗರ್ ಜಾಸ್ತಿ ಆಗಿ. "ಸ್ವಲ್ಪ ಓಡಾಡಿ ಅಮ್ಮ, ಒಳ್ಳೇದು" ಅಂತ ಹೇಳಿ ಹೋದ್ರು ಸಿಸ್ಟರ್, ನಾನು ಮೆಡಿಕಲ್ ಶಾಪಿಗೆ ಹೋಗಿದ್ದೆ ಔಷಧಿ ತರೋಕೆ, ಅಮ್ಮ ಒಬ್ರೇ ಬಾತ್‌ರೂಮಿಗೆ ಹೋಗಿ ಒದ್ದೆ ನೆಲದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡ್ರು. ಕೇಳಿದ್ರೆ ಜೊತೆಲಿ ಇರೋರು ನೋಡ್ಕೋಬೇಕಿತ್ತು ಅಂತಾರೆ. ಒಬ್ರೂ ಜವಾಬ್ದಾರಿ ತಗೊಳ್ಲಿಲ್ಲ. ಮಲಗಿದ್ದಿದ್ರೆ ಮೂಳೆ ಮುರೀತಿರ್ಲಿಲ್ಲ ಅಲ್ವಾ. ನಡೆಸಿ ನಡೆಸಿ ಅಂತ ಬರೆಯೋದು ಸುಲಭ, ಬಿದ್ರೆ ಯಾರು ಹೊಣೆ ಅಂತ ಮೊದ್ಲು ಹೇಳಿ.

ಮಂಜಿನೂರ_ಸಿಸ್ಟರ್

ಅಣ್ಣಾ, ಕೋಪ ಬಂದಿರೋದು ನ್ಯಾಯ. ನಿಮ್ಮ ತಾಯಿಗೆ ಆಗಿದ್ದು ತಪ್ಪು, ಆ ತಪ್ಪು ನಮ್ಮ ಕಡೆಯೋರದ್ದೇ. "ಓಡಾಡಿ" ಅಂತ ಬಾಯಲ್ಲಿ ಹೇಳಿ ಹೋಗೋದು ಎಬ್ಬಿಸಿದ ಹಾಗೆ ಅಲ್ಲ, ಮಾತ್ರೆ ಪಟ್ಟಿ ಕೈಗೆ ಕೊಟ್ಟು ಎಷ್ಟು ಬೇಕೋ ತಗೊಳ್ಳಿ ಅಂದ ಹಾಗೆ ಅದು.

ನಾನು ಹೇಳ್ತಿರೋದು ನಡೆಸೋದೂ ಒಂದು ಔಷಧಿ ಅಂತ. ಔಷಧಿ ಅಂದ್ಮೇಲೆ ಯಾರು ಕೊಡ್ತಾರೆ, ಎಷ್ಟು ಕೊಡ್ತಾರೆ, ಕೊಟ್ಟ ಮೇಲೆ ಏನಾಯ್ತು ನೋಡೋರು ಯಾರು ಅಂತ ಇರಬೇಕು. ನಾವು ಮಾಡೋ ರೀತಿ ಹೇಳ್ತೀನಿ ನೋಡಿ. ಮೊದ್ಲು ಮಲಗಿರುವಾಗ ಬಿಪಿ. ಆಮೇಲೆ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಕೂರಿಸಿ ಒಂದೆರಡು ನಿಮಿಷ, ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸ್ಬೇಕು. ತಲೆ ಸುತ್ತುತ್ತಾ, ಕಣ್ಣು ಕತ್ತಲೆ ಬರುತ್ತಾ ಕೇಳ್ತೀವಿ. ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಂದ್ಸಲ ಬಿಪಿ, ಮೇಲಿನ ನಂಬರ್ 20 ಅಥವಾ ಕೆಳಗಿನ ನಂಬರ್ 10 ಇಳಿದ್ರೆ ಅವತ್ತು ನಡೆಸೋದಿಲ್ಲ, ಕೂರಿಸ್ತೀವಿ, ಡಾಕ್ಟ್ರಿಗೆ ಹೇಳ್ತೀವಿ. ಕಂಕುಳಲ್ಲಿ ಕೈ ಹಾಕಿ ಎತ್ತೋದಿಲ್ಲ, ಭುಜ ನೋವಾಗುತ್ತೆ, ಸೊಂಟಕ್ಕೆ ಬಟ್ಟೆ ಬೆಲ್ಟ್ ಕಟ್ಟಿ ಅದನ್ನ ಹಿಡ್ಕೋತೀವಿ. ಬಲ ಇಲ್ಲದ ಕಡೆ ನಾವು ನಿಲ್ತೀವಿ. ಬರೀ ಸಾಕ್ಸ್ ಹಾಕ್ಕೊಂಡು ನಡೆಸಲ್ಲ, ಹಿಂದೆ ಪಟ್ಟಿ ಇರೋ ಚಪ್ಪಲಿ. ಮೊದಲ ದಿನ ಒಬ್ರು ಹಿಂದಿನಿಂದ ಕುರ್ಚಿ ತಳ್ಕೊಂಡು ಬರ್ತಾರೆ, ಸುಸ್ತಾದ್ರೆ ಅಲ್ಲೇ ಕೂರೋಕೆ.

ನನ್ನ ಸರ್ವಿಸಲ್ಲಿ ನಾನು ನೋಡಿದ ಬೀಳೋದು ಜಾಸ್ತಿ ಯಾವಾಗ ಅಂದ್ರೆ ರಾತ್ರಿ ಎರಡು ಮೂರು ಗಂಟೆಗೆ, ಒಬ್ರೇ, ಬಾತ್‌ರೂಮಿಗೆ ಅವಸರದಲ್ಲಿ. ಮಲಗಿಸಿಟ್ರೂ ಹಾಗೆ ಬೀಳೋದು ನಿಲ್ಲಲ್ಲ ಅಣ್ಣಾ. ಮೂತ್ರಕ್ಕೆ ಅವಸರ ಆದ್ರೆ ಮನುಷ್ಯ ಕಂಬಿ ಹಾರಿಯಾದ್ರೂ ಹೋಗ್ತಾನೆ, ಆಗ ಐದು ದಿನದಿಂದ ನಿಂತೇ ಇಲ್ಲದ ಕಾಲು ಕೈ ಕೊಡುತ್ತೆ. ಅದಕ್ಕೇ ನಾವು ರಾತ್ರಿ ಲೈಟ್ ಆರಿಸೋ ಮುಂಚೆ ಎಲ್ರನ್ನೂ ಒಂದು ಸಲ ಕೇಳಿ ಕರ್ಕೊಂಡು ಹೋಗಿ ಬರ್ತೀವಿ.

ತಾಯಿ ಈಗ ಹೇಗಿದಾರೆ?

ಸೋಮವಾರಪೇಟೆ_ಮಗ

ಪ್ಲ್ಯಾಸ್ಟರ್ ಬಿಚ್ಚಿದಾರೆ. ಆದ್ರೆ ಬಿದ್ದ ಭಯಕ್ಕೆ ಮಂಚ ಬಿಟ್ಟು ಇಳಿಯೋದೇ ಇಲ್ಲ. ನಾನೂ ಬೇಡ ಅಂತಲೇ ಹೇಳ್ತಿದ್ದೆ.

ಕುಶಾಲನಗರ_ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್, ಒಂದು ಮಾತು ಸೇರಿಸ್ತೀನಿ. ವಾರ್ಡಲ್ಲಿ ಎಲ್ರೂ ಅನ್ಕೊಳ್ಳೋದು ನಡೆಸೋದು ಫಿಸಿಯೋ ಕೆಲ್ಸ, ಫಿಸಿಯೋ ಬರ್ಲಿ ಅಂತ. ಇಡೀ ಆಸ್ಪತ್ರೆಗೆ ನಾನು ಒಬ್ನೇ ಇದ್ದ ಕಡೆ ಕೆಲ್ಸ ಮಾಡಿದೀನಿ, ಒಬ್ಬ ಪೇಷಂಟಿಗೆ ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ರೆ ಅದೇ ಹೆಚ್ಚು, ಭಾನುವಾರ ಅದೂ ಇಲ್ಲ. ಉಳಿದ ಇಪ್ಪತ್ಮೂರುವರೆ ಗಂಟೆ ಪೇಷಂಟ್ ಪಕ್ಕದಲ್ಲಿ ಇರೋರು ಸಿಸ್ಟರ್‌ಗಳು, ಮನೆಯೋರು. 2009ರಲ್ಲಿ ಅಮೆರಿಕದಲ್ಲಿ ಆಸ್ಪತ್ರೇಲಿದ್ದ ವಯಸ್ಸಾದ ಗಂಡಸರ ಕಾಲಿಗೆ ಸಣ್ಣ ಸೆನ್ಸರ್ ಕಟ್ಟಿ ಅಳೆದು ನೋಡಿದ್ರು, 83% ಸಮಯ ಮಲಗೇ ಇದ್ರಂತೆ, ಅದೂ ಅವ್ರಲ್ಲಿ ಹೆಚ್ಚಿನೋರು ಮನೇಲಿ ತಾವೇ ನಡೀತಿದ್ದೋರು.

ಸಿಸ್ಟರ್ ಬರೆದ ಗಲಿಬಿಲಿ ವಿಷಯ ತುಂಬಾ ಮುಖ್ಯ. 1999ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡಾ. ಶರೋನ್ ಇನೌಯೆ ಅವ್ರು 70 ದಾಟಿದ 852 ಪೇಷಂಟ್‌ಗಳ ಮೇಲೆ ನೋಡಿದ್ರು. ಮಾಡಿದ್ದು ದೊಡ್ಡದೇನಲ್ಲ, ಎಬ್ಬಿಸಿ ಓಡಾಡಿಸೋದು, ಕನ್ನಡಕ ಕಿವಿ ಮೆಷಿನ್ ಹಾಕಿಸೋದು, ನೀರು ಕುಡಿಸೋದು, ದಿನ ಯಾವುದು ಊರು ಯಾವುದು ಅಂತ ಮಾತಾಡಿಸೋದು, ರಾತ್ರಿ ಸದ್ದಿಲ್ದೆ ನಿದ್ದೆ ಮಾಡೋಕೆ ಬಿಡೋದು. ಗಲಿಬಿಲಿ ಆಗೋದು 15%ರಿಂದ 9.9%ಗೆ ಇಳೀತು. ಮನೇಲಿ ಕನ್ನಡಕ ಮರೆತು ಬಂದಿದ್ರೆ ಯಾರಾದ್ರೂ ಬಸ್ಸಲ್ಲಾದ್ರೂ ಕಳ್ಸಿ, ಅದೂ ಚಿಕಿತ್ಸೆಯೇ.

ಡ್ಯೂಟಿಡಾಕ್ಟರ್_ವಿರಾಜಪೇಟೆ

ಮೊದ್ಲು ನಮ್ಮ ತಪ್ಪು ಹೇಳ್ತೀನಿ. ಅಡ್ಮಿಷನ್ ದಿನ ಕೇಸ್ ಶೀಟಲ್ಲಿ "ಬೆಡ್ ರೆಸ್ಟ್" ಅಂತ ಬರೀತೀವಿ, ಆ ದಿನಕ್ಕೆ ಸರಿ ಇರುತ್ತೆ, ಆಮೇಲೆ ಅದನ್ನ ಹೊಡೆದು ಹಾಕೋದು ಮರೀತೀವಿ. ಆರನೇ ದಿನ ಸಿಸ್ಟರ್ ಎಬ್ಬಿಸೋಕೆ ಹೋದ್ರೆ ಮನೆಯೋರು ಡಾಕ್ಟ್ರು ಬೆಡ್ ರೆಸ್ಟ್ ಬರ್ದಿದಾರಲ್ಲ ಅಂತಾರೆ. ಯೂರಿನ್ ಟ್ಯೂಬ್ ಕಥೆನೂ ಅದೇ, ಹಾಕಿದ್ದು ಯಾಕೆ ಅಂತ ಮೂರನೇ ದಿನ ಯಾರಿಗೂ ನೆನಪಿರಲ್ಲ. ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ ಹಾಸಿಗೆಯಲ್ಲಿ ಸುಮ್ನೆ ಮಲಗಿಸೋದ್ರ ಅಪಾಯದ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲಲ್ಲಿ ಬರೆದಿದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ. ಇವತ್ತಿಗೂ ನಾವು ಅದನ್ನೇ ಮಾತಾಡ್ತಿದೀವಿ.

ಆದ್ರೆ ಎಚ್ಚರಿಕೆ ಹೇಳ್ಲೇಬೇಕು, ಓದೋರು ಎಲ್ರನ್ನೂ ಎಬ್ಬಿಸೋಕೆ ಹೋಗ್ಬಾರ್ದು. ಪಾರ್ಶ್ವವಾಯು ಆದೋರಲ್ಲಿ 5 ದೇಶಗಳ 2104 ಪೇಷಂಟ್‌ಗಳ ಮೇಲೆ ಅವರ್ಟ್ ಅನ್ನೋ ದೊಡ್ಡ ಅಧ್ಯಯನ ನಡೀತು, 2015ರಲ್ಲಿ ಬಂತು. 24 ಗಂಟೆ ಒಳಗೇ, ಮಾಮೂಲಿಗಿಂತ ಹೆಚ್ಚು ಹೊತ್ತು ಎಬ್ಬಿಸಿ ನಡೆಸಿದ ಗುಂಪಲ್ಲಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸ್ಕೊಂಡೋರು 46%, ಮಾಮೂಲಿ ಆರೈಕೆ ಗುಂಪಲ್ಲಿ 50%. ಅಂದ್ರೆ ಅತಿಯಾದ್ರೆ ಕೆಟ್ಟದ್ದೂ ಆಗುತ್ತೆ. ಅದೇ ಮಾಹಿತಿ ಇನ್ನೊಂದ್ಸಲ ಬಿಡಿಸಿ ನೋಡಿದಾಗ ಸ್ವಲ್ಪ ಸ್ವಲ್ಪ ಹೊತ್ತು ಹಲವು ಸಲ ಎಬ್ಬಿಸಿದೋರೇ ಮೇಲಿದ್ರು.

ಐಸಿಯುದಲ್ಲೂ ಹೀಗೇ. 2009ರಲ್ಲಿ ವೆಂಟಿಲೇಟರಲ್ಲಿದ್ದ 104 ಪೇಷಂಟ್‌ಗಳಲ್ಲಿ ಬೇಗ ಕೈಕಾಲು ಆಡಿಸಿ ಕೂರಿಸಿ ನಿಲ್ಲಿಸಿದ ಗುಂಪಲ್ಲಿ 59% ಜನ ಡಿಸ್ಚಾರ್ಜ್ ಹೊತ್ತಿಗೆ ತಮ್ಮ ಕೆಲ್ಸ ತಾವೇ ಮಾಡ್ಕೊಳ್ಳೋ ಹಾಗಾದ್ರು, ಇನ್ನೊಂದು ಗುಂಪಲ್ಲಿ 35%. ಆದ್ರೆ 2022ರಲ್ಲಿ 750 ಪೇಷಂಟ್‌ಗಳ ಅಧ್ಯಯನದಲ್ಲಿ ಇನ್ನೂ ಜಾಸ್ತಿ ನಡೆಸಿದ್ರೆ ಇನ್ನೂ ಲಾಭ ಅಂತ ಆಗ್ಲಿಲ್ಲ, ತೊಂದ್ರೆಗಳು ಹೆಚ್ಚಾದ್ವು. ಹೃದಯಾಘಾತ ಆದ ಮೊದಲ ಹೊತ್ತು, ಬಿಪಿ ತುಂಬಾ ಕಡಿಮೆ ಇರೋರು, ರಕ್ತಸ್ರಾವ ಆಗ್ತಿರೋರು, ಇನ್ನೂ ಆಪರೇಷನ್ ಆಗದ ಬೆನ್ನು ಅಥವಾ ಸೊಂಟದ ಮುರಿತ, ಇವ್ರನ್ನ ಡಾಕ್ಟ್ರು ಹೇಳೋವರೆಗೂ ಎಬ್ಬಿಸ್ಬೇಡಿ. ಹಾಗಂತ ಇವ್ರು ಸುಮ್ನೆ ಮಲಗೇ ಇರ್ಬೇಕಿಲ್ಲ, ಪಾದ ಆಡಿಸೋದು, ದೀರ್ಘ ಉಸಿರು ತಗೊಳ್ಳೋದು, ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸೋದು ಮಾಡಿಸ್ಬಹುದು, ಬೆನ್ನು ಸೊಂಟದ ಮುರಿತ ಇರೋರಲ್ಲಿ ಮಾತ್ರ ಮಗ್ಗಲು ಹೇಗೆ ತಿರುಗಿಸೋದು ಅಂತ ಕೇಳಿಯೇ ಮಾಡಿ.

ಮಂಜಿನೂರ_ಸಿಸ್ಟರ್

ಡಾಕ್ಟ್ರೇ ಥ್ಯಾಂಕ್ಸ್. ನೀವು ಹೇಳಿದ ಸ್ವಲ್ಪ ಸ್ವಲ್ಪ, ಹಲವು ಸಲ ಅನ್ನೋದೇ ನಮ್ಮ ವಾರ್ಡಲ್ಲಿ ಕಂಡಿದ್ದು. ಒಂದೇ ಸಲ ಕಾರಿಡಾರ್ ಪೂರ್ತಿ ನಡೆಸಿ ಸುಸ್ತು ಮಾಡೋದಕ್ಕಿಂತ ಮೂರು ಊಟಕ್ಕೆ ಮೂರು ಸಲ ಕುರ್ಚಿಗೆ ಬರೋದು ವಾಸಿ. ಒಂದು ವಿನಂತಿ, ರೌಂಡ್ಸಲ್ಲಿ "ಸಿಸ್ಟರ್, ಇವ್ರು ಇವತ್ತು ಎಷ್ಟು ಎದ್ರು" ಅಂತ ಒಂದು ಮಾತು ಪೇಷಂಟ್ ಮುಂದೆ ಕೇಳಿ. ನಾವು ನೂರು ಸಲ ಹೇಳಿದ್ದು ನೀವು ಒಂದು ಸಲ ಕೇಳಿದ್ರೆ ಆಗುತ್ತೆ.

ನರ್ಸಿಂಗ್_ಹುಡುಗಿ

ಮೇಡಂ ನಾನು ಹೋದ ವರ್ಷ ಕೋರ್ಸ್ ಮುಗ್ಸಿ ಕೆಲ್ಸಕ್ಕೆ ಸೇರಿದೀನಿ. ಮಾಡ್ಬೇಕು ಅಂತ ಆಸೆ ಇದೆ ಆದ್ರೆ ನೈಟ್ ಡ್ಯೂಟೀಲಿ ಇಬ್ರೇ ಇರ್ತೀವಿ, ಇಂಜೆಕ್ಷನ್, ಹೊಸ ಅಡ್ಮಿಷನ್, ರಿಜಿಸ್ಟರ್ ಬರೆಯೋದು, ಯಾರಿಗೋ ಡ್ರಿಪ್ ನಿಂತು ಹೋಗಿರುತ್ತೆ, ಇದ್ರ ಮಧ್ಯೆ ಯಾರನ್ನ ನಡೆಸೋದು. ಇಂಜೆಕ್ಷನ್ ಲೇಟಾದ್ರೆ ಬೈತಾರೆ, ಪೇಷಂಟ್ ನಡೀದಿದ್ರೆ ಯಾರೂ ಬೈಯಲ್ಲ, ಪೇಷಂಟ್ ನಡೆದು ಬಿದ್ರೆ ಮೆಮೋ ಬರುತ್ತೆ. ಹಾಗಿರುವಾಗ ಯಾರಿಗೆ ಧೈರ್ಯ ಬರುತ್ತೆ.

ನಾನು ಕಾಲೇಜಲ್ಲಿ ಇರುವಾಗ ಇಂಗ್ಲೆಂಡ್ ನರ್ಸ್‌ಗಳು ಮಾಡಿದ ಒಂದು ಅಭಿಯಾನದ ಬಗ್ಗೆ ಸೆಮಿನಾರ್ ಕೊಟ್ಟಿದ್ದೆ. ನಾಟಿಂಗ್‌ಹ್ಯಾಮ್ ಆಸ್ಪತ್ರೆಯ ನರ್ಸ್‌ಗಳಿಂದ ಶುರುವಾಗಿ, ಬ್ರಯಾನ್ ಡೋಲನ್ ಅನ್ನೋ ನರ್ಸ್ ಹಿನ್ನೆಲೆಯೋರು ಎಲ್ಲಾ ಕಡೆ ಹಬ್ಬಿಸಿದ್ದು. ಪೈಜಾಮ ಹಾಕಿ ಮಲಗಿಸಿದ್ರೆ ಮನುಷ್ಯ ರೋಗಿ ಆಗೇ ಉಳೀತಾನೆ, ಅದಕ್ಕೇ ಬೆಳಿಗ್ಗೆ ಎದ್ದು ತಮ್ಮ ಬಟ್ಟೆ ಹಾಕ್ಕೊಂಡು ಓಡಾಡ್ಲಿ ಅನ್ನೋದು ಅದ್ರ ವಿಚಾರ. 2018ರಲ್ಲಿ ಏಪ್ರಿಲ್ 17ರಿಂದ ಜೂನ್ 26ರವರೆಗೆ 70 ದಿನ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲೆಲ್ಲಾ ಅಭಿಯಾನ ಮಾಡಿದ್ರು.

ಮಂಜಿನೂರ_ಸಿಸ್ಟರ್

ಪುಟ್ಟಾ, ನೀನು ಹೇಳಿದ್ದು ಒಂದಕ್ಷರ ಸುಳ್ಳಿಲ್ಲ. ಕೈ ಕಡಿಮೆ ಇದೆ, ಅದನ್ನ ಮೇಲಿನೋರು ಸರಿ ಮಾಡ್ಲೇಬೇಕು, ನಾವು ಮಾತಾಡ್ತಾನೇ ಇರ್ಬೇಕು. ಆದ್ರೆ ನಾವು ಒಂದು ಕಂಡ್ಕೊಂಡ್ವಿ, ಬೇರೆ ಹೊತ್ತು ಹುಡುಕೋಕೆ ಹೋದ್ರೆ ಸಿಗಲ್ಲ, ಇರೋ ಕೆಲ್ಸದ ಒಳಗೇ ಸೇರಿಸ್ಬೇಕು. ಬೆಡ್ ಶೀಟ್ ಬದಲಾಯಿಸುವಾಗ ಮಲಗಿಸಿ ಆ ಕಡೆ ಈ ಕಡೆ ಹೊರಳಿಸೋ ಬದ್ಲು ಕುರ್ಚೀಲಿ ಕೂರಿಸ್ತೀವಿ, ಶೀಟೂ ಬೇಗ ಆಗುತ್ತೆ. ಬೆಡ್ ಪ್ಯಾನ್ ಕೊಡೋ ಹೊತ್ತಲ್ಲಿ ಬಾತ್‌ರೂಮಿಗೆ ಕರ್ಕೊಂಡು ಹೋದ್ರೆ ಅದೇ ನಡಿಗೆ. ನಮ್ಮ ವಾರ್ಡಿನ ಆಯಾ ಅಕ್ಕ ಈ ವಿಷಯದಲ್ಲಿ ನಮ್ಗಿಂತ ಮುಂದೆ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಎಲ್ಲಾ ಬರುತ್ತೆ, ಯಾವ ಅಜ್ಜಿ ಹತ್ರ ಯಾವ ಭಾಷೇಲಿ ಕೇಳಿದ್ರೆ ಏಳ್ತಾರೆ ಅಂತ ಅವ್ರಿಗೆ ಗೊತ್ತು.

ಇಂಗ್ಲೆಂಡ್ ಪೈಜಾಮ ವಿಷಯ ನಾನೂ ಓದಿದೀನಿ. ನಮ್ಮ ಕಡೆ ಬಟ್ಟೆ ತೊಂದ್ರೆ ಅಲ್ಲ, ಹೆಚ್ಚಿನೋರು ತಮ್ಮ ಸೀರೆ ಪಂಚೆಯಲ್ಲೇ ಇರ್ತಾರೆ. ಇಲ್ಲಿ ತೊಂದ್ರೆ ಕಂಬಳಿ. ಜುಲೈ ಆಗಸ್ಟಲ್ಲಿ ಹದಿನೈದು ದಿನ ಸೂರ್ಯ ಕಾಣಲ್ಲ, ವಾರ್ಡ್ ಗೋಡೆಯೇ ತಣ್ಣಗಿರುತ್ತೆ, ಎರಡು ಕಂಬಳಿ ಒಳಗಿಂದ ವಯಸ್ಸಾದೋರು ಯಾಕೆ ಈಚೆ ಬರ್ತಾರೆ. ಅದಕ್ಕೆ ನಾವು ಮನೆಯೋರಿಗೆ ಅಡ್ಮಿಷನ್ ದಿನವೇ ಹೇಳ್ತೀವಿ, ಸ್ವೆಟರ್, ಮಫ್ಲರ್, ದಪ್ಪ ಶಾಲು, ಹಿಂದೆ ಪಟ್ಟಿ ಇರೋ ಚಪ್ಪಲಿ ತನ್ನಿ ಅಂತ. ಬೆಳಿಗ್ಗೆ ಬಿಸಿ ಬೆಲ್ಲದ ಕಾಫಿ ಕುರ್ಚೀಲಿ ಕೂತ್ರೆ ಮಾತ್ರ ಅಂತ ಒಬ್ರು ಅಜ್ಜಿಗೆ ಅವ್ರ ಮಗಳು ಹೇಳಿದ್ಲು, ಅವತ್ತಿಂದ ಆ ಸಾಲಿನ ನಾಲ್ಕೂ ಅಜ್ಜಿಯಂದಿರು ಕಾಫಿ ಹೊತ್ತಿಗೆ ಎದ್ದು ಕೂರ್ತಿದ್ರು.

ಗೋಣಿಕೊಪ್ಪ_ಅಣ್ಣ

ಕುರ್ಚಿ ವಿಷಯ ಹೇಳಿದ್ರಲ್ಲ, ಆ ಕುರ್ಚಿ ಪೇಷಂಟಿಗೆ ಸಿಕ್ಕಿದ್ರೆ ತಾನೇ. ಅದ್ರ ಮೇಲೆ ಬ್ಯಾಗು, ಫ್ಲಾಸ್ಕು, ಒಣಗೋಕೆ ಹಾಕಿದ ಟವಲ್ಲು, ಇಲ್ದಿದ್ರೆ ನೋಡೋಕೆ ಬಂದ ನೆಂಟ್ರು. ನಮ್ಮ ಚಿಕ್ಕಪ್ಪಂಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಹೀಗೇ ಆಗಿದ್ದು, ಸಿಸ್ಟರ್ ಕೂರಿಸಿ ಹೋಗ್ತಾರೆ, ನೆಂಟ್ರು ಬಂದು "ಅಯ್ಯೋ ಮಲ್ಕೊಳ್ಳಿ ಮಲ್ಕೊಳ್ಳಿ" ಅಂತ ಮಲಗಿಸಿ ತಾವು ಕೂರ್ತಾರೆ. ಕೈ ಚೆನ್ನಾಗೇ ಇತ್ತು, ಆದ್ರೂ ಚಿಕ್ಕಮ್ಮ ಸ್ಪೂನಲ್ಲಿ ಊಟ ತಿನ್ನಿಸ್ತಿದ್ರು. ಅದು ಪ್ರೀತಿಯೇ, ಅದ್ರಲ್ಲಿ ಅನುಮಾನ ಇಲ್ಲ, ಆದ್ರೆ ಆ ಪ್ರೀತಿಯಿಂದ ಕೈಕಾಲಿನ ಶಕ್ತಿ ಹೋಗುತ್ತೆ ಅಂತ ಯಾರೂ ನಮಗೆ ಹೇಳಿರ್ಲಿಲ್ಲ.

ಲೈನ್‌ಮನೆ_ಹುಡುಗ

ಎಲ್ರೂ ಮನೆಯೋರು ಮನೆಯೋರು ಅಂತಿದೀರ. ನಮ್ಮಪ್ಪ ತೋಟದ ಕೆಲ್ಸ, ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ತೊಡೆ ಮೂಳೆ ಮುರೀತು. ಅಮ್ಮಂಗೂ ತೋಟದಲ್ಲೇ ಕೆಲ್ಸ, ಒಂದು ದಿನ ಬಿಟ್ರೆ ಆ ದಿನದ ಸಂಬಳ ಇಲ್ಲ, ನಂಗೆ ಪರೀಕ್ಷೆ, ತಂಗಿ ಚಿಕ್ಕೋಳು. ಆಸ್ಪತ್ರೇಲಿ ಅಪ್ಪನ ಜೊತೆ ಹಗಲಲ್ಲಿ ಯಾರೂ ಇರ್ತಿರ್ಲಿಲ್ಲ. ಪಕ್ಕದ ಬೆಡ್ಡಿನೋರಿಗೆ ಮಗ ಸೊಸೆ ಇದ್ರು, ಹಿಡ್ಕೊಂಡು ನಡೆಸ್ತಿದ್ರು, ನಮ್ಮಪ್ಪನ್ನ ಸಿಸ್ಟರ್ ಬಂದಾಗ ಮಾತ್ರ, ಅವ್ರಿಗೂ ಪುರುಸೊತ್ತಿಲ್ಲ. ಅಪ್ಪಂಗೆ ಕೇಳೋಕೂ ಸಂಕೋಚ, ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು ಯಾರನ್ನ ಕರೆಯೋದು ಅಂತ ನೀರೇ ಕುಡೀತಿರ್ಲಿಲ್ಲ, ನಂಗೆ ಆಮೇಲೆ ಹೇಳಿದ್ರು. ಈಗಲೂ ಕುಂಟ್ತಾರೆ, ಏಣಿ ಹತ್ತೋಕಾಗಲ್ಲ, ಕಣದಲ್ಲಿ ಕೆಲ್ಸ ಕೊಟ್ಟಿದಾರೆ.

ಮಂಜಿನೂರ_ಸಿಸ್ಟರ್

ತಮ್ಮಾ, ಇದನ್ನ ಓದಿ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ನೀನು ಹೇಳಿದ್ದೇ ಈ ಇಡೀ ವಿಷಯದ ತಿರುಳು. ಮನೆಯೋರು ನಡೆಸ್ಲಿ ಅಂತ ನಾವು ಬಿಟ್ಟು ಬಿಟ್ರೆ ಜನ ಇರೋರು ನಡೀತಾರೆ, ಜನ ಇಲ್ಲದೋರು ಮಲಗ್ತಾರೆ. ಇಂಜೆಕ್ಷನ್ ಕೊಡೋಕೆ ನಾವು ಮನೆಯೋರನ್ನ ಕೇಳಲ್ಲ ಅಲ್ವಾ, ಇದೂ ಹಾಗೇ ನರ್ಸಿಂಗ್ ಕೆಲ್ಸ ಅಂತ ಆಗ್ಬೇಕು ಅಂತ ನಾನು ಹಠ ಹಿಡೀತಿರೋದು ಇದಕ್ಕೇ.

ನಿನ್ನ ಮೆಸೇಜ್ ನಮ್ಮ ಜೊತೆ ಸಿಸ್ಟರ್‌ಗಳಿಗೆ ಓದಿ ಹೇಳಿದೆ. ಇವತ್ತಿಂದ ಡ್ಯೂಟಿ ಬದಲಾಗುವಾಗ ಬೋರ್ಡಲ್ಲಿ ಜೊತೆಗೆ ಯಾರೂ ಇಲ್ಲದ ಬೆಡ್ ನಂಬರ್ ಮೊದ್ಲು ಬರೀತಿದೀವಿ, ಎಬ್ಬಿಸೋದು ಅವ್ರಿಂದ ಶುರು. ನೀರು ಕುಡಿದಿದಾರಾ ಅಂತ್ಲೂ ಅವ್ರನ್ನೇ ಮೊದ್ಲು ಕೇಳೋದು. ಅಪ್ಪಂಗೆ ಇನ್ನೂ ಕುಂಟು ಇದ್ರೆ ತೊಡೆ ಮುಂದಿನ ಸ್ನಾಯು ಸೋತಿರ್ಬಹುದು, ಫಿಸಿಯೋ ಅಣ್ಣ ಹೇಳ್ತಾರೆ, ಕೇಳು.

ಕುಶಾಲನಗರ_ಫಿಸಿಯೋ

ತಮ್ಮಾ, ಮೊದ್ಲು ಒಂದ್ಸಲ ಎಕ್ಸ್‌ರೇ ತೆಗೆಸಿ ಮೂಳೆ ಪೂರ್ತಿ ಕೂಡಿದೆಯಾ, ಕಾಲಿನ ಉದ್ದ ವ್ಯತ್ಯಾಸ ಇದೆಯಾ ತೋರ್ಸಿ. ಸರಿ ಇದೆ ಅಂದ್ರೆ ಕೈ ಇಟ್ಕೊಳ್ಳೋ ಕುರ್ಚೀಲಿ ಕೂತು ಏಳೋದು, ಮೊದ್ಲು ಕೈ ಊರ್ಕೊಂಡು ಐದು ಸಲ, ದಿನಕ್ಕೆ ಮೂರು ಹೊತ್ತು, ಆಮೇಲೆ ಕೈ ಬಿಟ್ಟು. ಇದಕ್ಕೆ ದುಡ್ಡು ಬೇಡ. ಮೆಸೇಜ್ ಮಾಡಿ, ಭಾನುವಾರ ಆ ಕಡೆ ಬರ್ತೀನಿ, ನೋಡ್ತೀನಿ.

ಚೆಟ್ಟಳ್ಳಿ_ಮನೆಯಾಕೆ

ನಮ್ಮ ಅತ್ತೆ ನಾಳೆ ಡಿಸ್ಚಾರ್ಜ್, ಜ್ವರ ಬಂದು ಹನ್ನೆರಡು ದಿನ ಇದ್ರು. ಮನೆ ಇಳಿಜಾರಲ್ಲಿ, ಅಂಗಳಕ್ಕೆ ನಾಲ್ಕು ಮೆಟ್ಲು, ಪಾಚಿ ಕಟ್ಟಿದೆ ಮಳೆಗೆ. ಟಾಯ್ಲೆಟ್ ಹೊರಗೆ. ಏನೇನು ಮಾಡ್ಕೊಳ್ಲಿ ಹೇಳಿ ಪ್ಲೀಸ್.

ಮಂಜಿನೂರ_ಸಿಸ್ಟರ್

ಇವತ್ತೇ ಪಾಚಿ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಒಣಗಿದ ಮೇಲೆ ಹಳೇ ಗೋಣಿಚೀಲ ಹಾಕ್ಬೇಡಿ, ಕಾಲು ಸಿಕ್ಕಿ ಬೀಳ್ತಾರೆ. ಮೆಟ್ಲಿಗೆ ಒಂದು ಕಡೆ ಬಿದಿರಿನ ಅಡ್ಡ ಕಟ್ಸಿ, ಗಟ್ಟಿಯಾಗಿ. ರಾತ್ರಿ ಹೊರಗಿನ ಟಾಯ್ಲೆಟ್ ಬೇಡ, ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ಮಂಚದ ಎತ್ತರ ಎಷ್ಟಿರ್ಬೇಕು ಅಂದ್ರೆ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರ್ಬಾರ್ದು. ಊಟ ಅಡುಗೆ ಮನೇಲೋ ಹಾಲಲ್ಲೋ ಎಲ್ರ ಜೊತೆ, ಮಂಚಕ್ಕೆ ತಟ್ಟೆ ತಗೊಂಡು ಹೋಗ್ಬೇಡಿ. ಮೊಟ್ಟೆ, ಬೇಳೆ, ಮೀನು ಏನಾಗುತ್ತೋ ಕೊಡಿ, ಬರೀ ಗಂಜೀಲಿ ಮಾಂಸಖಂಡ ವಾಪಸ್ ಬರಲ್ಲ, ಕಿಡ್ನಿ ತೊಂದ್ರೆ ಇದ್ರೆ ಮಾತ್ರ ಡಾಕ್ಟ್ರನ್ನ ಕೇಳಿ. ಕಾಲು ಒಂದೇ ಕಡೆ ಊದಿ ಮೀನಖಂಡ ನೋವು ಬಂದ್ರೆ ಅಥವಾ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ್ರೆ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ.

ಸೋಮವಾರಪೇಟೆ_ಮಗ

ಮೇಡಂ ನಾನು ಮತ್ತೆ ಬರೀತಿದೀನಿ. ನಾಲ್ಕು ದಿನದಿಂದ ನೀವು ಹೇಳಿದ ಹಾಗೆ ಮಾಡ್ತಿದೀನಿ, ಅಂಚಲ್ಲಿ ಕೂರ್ಸಿ, ಪಾದ ಆಡಿಸಿ, ಆಮೇಲೆ ನಿಲ್ಸೋದು. ಮೊದಲ ದಿನ ಅಮ್ಮ ನನ್ನ ಶರ್ಟ್ ಹಿಡ್ಕೊಂಡು ಬಿಡ್ಲೇ ಇಲ್ಲ, ನಡುಗ್ತಿದ್ರು. ನಾನು ಏನೂ ಹೇಳ್ಲಿಲ್ಲ, ಹಾಗೇ ನಿಂತಿದ್ವಿ ಇಬ್ರೂ. ಇವತ್ತು ಸಂಜೆ ಜಗಲಿವರೆಗೆ ಬಂದು ಕೂತ್ರು, ಮಳೆ ಬಿಟ್ಟಿತ್ತು, ದಾಸವಾಳ ಗಿಡಕ್ಕೆ ಯಾಕೆ ಹೀಗೆ ಕಳೆ ಬೆಳೆಯೋಕೆ ಬಿಟ್ಟಿದೀಯ ಅಂತ ನಂಗೆ ಬೈದ್ರು. ಎರಡು ತಿಂಗಳಲ್ಲಿ ಮೊದಲ ಸಲ ಬೈದಿದ್ದು.

ಒಂದು ಕೇಳ್ಬೇಕಿತ್ತು, ಬೆಳಿಗ್ಗೆ ಎದ್ದಾಗ ಮಾತ್ರ ತಲೆ ಸುತ್ತುತ್ತೆ ಅಂತಾರೆ, ಸಂಜೆ ಇರಲ್ಲ.

ಮಂಜಿನೂರ_ಸಿಸ್ಟರ್

ತುಂಬಾ ಸಂತೋಷ ಆಯ್ತು ಅಣ್ಣಾ. ಬಿಪಿ ಮಾತ್ರೆ ತಗೊಳ್ತಾರಾ, ಯಾವ ಹೊತ್ತಿಗೆ? ಹೆಸ್ರು ನೋಡಿ ಬರೀರಿ. ನೀವಾಗಿ ನಿಲ್ಸ್ಬೇಡಿ. ನಾಳೆ ಮಲಗಿರುವಾಗ ಒಂದು, ನಿಂತ ಮೇಲೆ ಒಂದು ಬಿಪಿ ನೋಡಿಸಿ ಎರಡೂ ನಂಬರ್ ಚೀಟೀಲಿ ಬರ್ಕೊಂಡು ಡಾಕ್ಟ್ರಿಗೆ ತೋರ್ಸಿ. ಶುಗರ್ ಇರೋದ್ರಿಂದ ಆ ಹೊತ್ತಿನ ಶುಗರೂ ಒಂದ್ಸಲ ನೋಡ್ಬೇಕು. ಅಲ್ಲಿವರೆಗೆ ಬೆಳಿಗ್ಗೆ ಅಂಚಲ್ಲಿ ಕೂರ್ಸೋದು ಎರಡು ನಿಮಿಷದ ಬದ್ಲು ಐದು ನಿಮಿಷ ಮಾಡಿ, ಒಂದು ಲೋಟ ನೀರು ಕುಡಿಸಿ, ಆಮೇಲೆ ಜಗಲಿಗೆ ಕರ್ಕೊಂಡು ಬನ್ನಿ.